ನಿದ್ದೆಗೆಟ್ಟು ನಿದ್ದೆ ಮಾರಿದ್ದು

ನಿದ್ದೆಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಈ ಭೂಮಂಡಲದಲ್ಲೇ ಇರಬಾರದು! ಹೀಗೆಂದು ಒಂದು ಮಂಗಳವಾರ ನಾನು ಘೋರ ಪ್ರತಿಜ್ಞೆ ಮಾಡಿದೆ. ಮಾಡದೆ ವಿಧಿಯಿರಲಿಲ್ಲ. ನಾನು ಹಾಸಿಗೆ ಅಂಗಡಿಯ ಸೇಲ್ಸ್‌ಮನ್. ನನ್ನ ಹೆಂಡತಿ ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಸಿಗೆಗೆ ಹೊದಿಕೆ ಹೊಲಿಯುವವಳು. ಅಂದು ಬೆಳಿಗ್ಗೆಯೇ ಮಾಲೀಕರು ಬಂದು, "ಶುಕ್ರವಾರ ನರ್ಸ್‌ಗಳ ಹಾಸ್ಟೆಲ್ ವಾರ್ಡನ್ ಬರ್ತಾರೆ. ನಲವತ್ತು ಹಾಸಿಗೆ ಬೇಕಂತೆ. ಈ ಆರ್ಡರ್ ಕೈತಪ್ಪಿದ್ರೆ ಹೊಲಿಗೆ ಕೋಣೆಗೆ ಬೀಗ!" ಎಂದಿದ್ದರು. ಅಂದರೆ ಹೆಂಡತಿಯ ಕೆಲಸಕ್ಕೇ ಸಂಚಕಾರ! ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಹೆದರಿಕೆಯಾದಾಗ ನಾನು ಜಂಬ ಕೊಚ್ಚಿಕೊಳ್ಳುತ್ತೇನೆ.

"ನೀನು ಚಿಂತೆ ಬಿಡು. ವಾರ್ಡನ್‌ಗೆ ನಿದ್ರಾಶಾಸ್ತ್ರವನ್ನೇ ಅರೆದು ಕುಡಿಸ್ತೀನಿ!"

"ಮೊದಲು ನೀವು ಕುಡೀರಿ," ಎಂದಳು.

ಲೈಬ್ರರಿಯಿಂದ ತಲೆದಿಂಬಿಗಿಂತ ದಪ್ಪನೆಯ ಪುಸ್ತಕ ತಂದೆ. ಮೂರು ರಾತ್ರಿ ರೆಪ್ಪೆ ಮುಚ್ಚದೆ ಓದಿದೆ, ಅದೂ ಗಟ್ಟಿಯಾಗಿ. ನಿದ್ದೆಯಲ್ಲಿ ಎದೆಬಡಿತ ನಿಧಾನವಾಗುತ್ತದೆ, ಮೈ ತಣ್ಣಗಾಗುತ್ತದೆ, ಮಿದುಳು ಹಗಲಿನ ಕಸವನ್ನೆಲ್ಲ ತೊಳೆದು ಹೊರಗೆ ಹಾಕುತ್ತದೆ!

"ದೀಪ ಆರಿಸ್ರೀ, ನಿಮ್ಮ ದಮ್ಮಯ್ಯ! ನಿದ್ದೆ ಬಗ್ಗೆ ಓದೋದಕ್ಕೆ ನನ್ನ ನಿದ್ದೆ ಯಾಕೆ ಹಾಳುಮಾಡ್ತೀರಿ?"

"ಇದು ತಪಸ್ಸು ಕಣೇ!"

ಅವಳು ದಿನಾ ಅರ್ಧ ಗಂಟೆ ನನ್ನ ಪಾರಾಯಣವನ್ನು ಸಹಿಸಿಕೊಂಡು, ಆಮೇಲೆ ಮುಸುಕೆಳೆದು ಹಾಯಾಗಿ ಮಲಗುತ್ತಿದ್ದಳು. ಪಾಮರಳು ಎಂದು ಮರುಗಿದೆ.

ಶುಕ್ರವಾರ ಹನ್ನೊಂದಕ್ಕೆ ವಾರ್ಡನ್ ಬಂದರು. ಮೂವತ್ತು ವರ್ಷ ನರ್ಸ್ ಆಗಿದ್ದವರು; ಅವರ ಮುಖಕ್ಕೆ ನಗುವಿನ ಪರಿಚಯವೇ ಇರಲಿಲ್ಲ. "ನಮ್ಮ ಹುಡುಗಿಯರು ರಾತ್ರಿ ಪಾಳಿ ಮುಗಿಸಿ ಹಗಲು ಮಲಗೋರು. ಇದರ ಮೇಲೆ ನಿದ್ದೆ ಬರುತ್ತಾ?"

ಗಂಟಲು ಸರಿಮಾಡಿಕೊಂಡೆ. ಕೈ ಎತ್ತಿದೆ. ಬಾಯಿ ತೆರೆದೆ. ತಲೆಯೊಳಗೆ ಬಟಾಬಯಲು! ಐನೂರು ಪುಟಗಳಲ್ಲಿ ಒಂದಕ್ಷರವೂ ಉಳಿದಿರಲಿಲ್ಲ.

"ಮಿದುಳು... ಅಂದ್ರೆ ಮೇಡಂ... ಮಿದುಳು ತಲೆಯಲ್ಲಿರುತ್ತೆ!"

"ಎಲ್ಲರಿಗೂ ಇರುತ್ತಾ?" ಎಂದರು ವಾರ್ಡನ್.

ಬೇರೆ ದಾರಿ ಕಾಣದೆ, "ಪ್ರಾತ್ಯಕ್ಷಿಕೆ ನೋಡಿ!" ಎಂದು ಹಾಸಿಗೆಯ ಮೇಲೆ ಉರುಳಿದೆ. ನನಗೆ ಅಷ್ಟೇ ಗೊತ್ತು.

ಮುಂದಿನದನ್ನು ಹೇಳಿದವರು ಮಾಲೀಕರು. ನನ್ನ ಮೊದಲ ಗೊರಕೆಗೇ ಅಂಗಡಿಯ ಗಾಜು ನಡುಗಿತಂತೆ. ಅವರು ನೀರಿನ ಜಗ್ ಹಿಡಿದು ಓಡಿಬಂದರೆ, ನನ್ನಾಕೆ ಕೊರಳಲ್ಲಿ ಅಳತೆಪಟ್ಟಿ ನೇತಾಡಿಸಿಕೊಂಡು ಬಂದು ಅಡ್ಡ ನಿಂತಳಂತೆ.

"ಎಬ್ಬಿಸಬೇಡಿ! ಮೇಡಂ, ನೀವು ನಾಡಿ ಹಿಡೀರಿ."

ಹಳೆಯ ಅಭ್ಯಾಸ, ವಾರ್ಡನ್ ಹಿಡಿದೇಬಿಟ್ಟರು. ಎಪ್ಪತ್ತೆಂಟಿದ್ದದ್ದು ಐವತ್ತೆಂಟಕ್ಕೆ ಇಳಿಯಿತು!

"ಇದು ಗಾಢನಿದ್ದೆ. ಈಗ ಒಳಗೆ ಮಿದುಳು ತೊಳೆಯೋ ಕೆಲಸ ನಡೀತಿದೆ. ಇವರದ್ದಕ್ಕೆ ತುಂಬಾ ಹೊತ್ತು ಹಿಡಿಯುತ್ತೆ, ಚಹಾ ಕುಡಿಯೋಣ ಬನ್ನಿ," ಎಂದಳಂತೆ ನನ್ನಾಕೆ.

ಚಹಾ ಕುಡಿದು, ಹೊದಿಕೆಯ ಬಟ್ಟೆ, ಹೊಲಿಗೆ ಎಲ್ಲ ನೋಡಿ ಒಂದೂವರೆ ಗಂಟೆಯ ಮೇಲೆ ಬಂದರೆ, ಮುಚ್ಚಿದ ರೆಪ್ಪೆಯ ಕೆಳಗೆ ನನ್ನ ಕಣ್ಣುಗುಡ್ಡೆ ಓಡಾಡುತ್ತಿತ್ತಂತೆ. "ಈಗ ಕನಸು! ಕನಸು ಕಾಣ್ತಾ ಎದ್ದು ಓಡಬಾರದು ಅಂತ ಮಿದುಳು ಕೈಕಾಲಿಗೆ ಬೀಗ ಹಾಕಿರುತ್ತೆ. ನೋಡಿ!" ಎಂದು ನನ್ನ ಕೈ ಎತ್ತಿ ಬಿಟ್ಟಳಂತೆ. ದೊಪ್ಪೆಂದು ಬಿತ್ತು. ವಾರ್ಡನ್ ಕೂಡ ಒಮ್ಮೆ ಎತ್ತಿ ಬೀಳಿಸಿದರು. ಆಮೇಲೆ ಮಾಲೀಕರು, ಎರಡು ಸಲ!

ನನಗೆ ಎಚ್ಚರವಾದದ್ದು ಚಪ್ಪಾಳೆಗೆ. ನಲವತ್ತಲ್ಲ, ಅರವತ್ತು ಹಾಸಿಗೆ! ಹೊಲಿಗೆ ಕೋಣೆಯವರೆಲ್ಲ ಕುಣಿಯುತ್ತಿದ್ದರು. ಹೆಂಡತಿಯ ಮುಖ ನೋಡಿ ನನಗೆ ಕಣ್ಣಲ್ಲಿ ನೀರೇ ಬಂತು.

"ನಿನಗೆ ಇಷ್ಟೆಲ್ಲ ಹೇಗೆ ಗೊತ್ತೇ?"

"ಕೇಳಿದ್ದನ್ನ ಮಿದುಳು ಜೋಡಿಸಿಡೋದು ನಿದ್ದೇಲಿ ಅಂತ ನೀವೇ ಓದಿದ್ರಲ್ಲ! ನಾನು ಕೇಳಿ ಮಲಗಿದೆ. ನೀವು ಓದಿ ಎದ್ದಿದ್ರಿ."

ಸೋಮವಾರದಿಂದ ಅವಳಿಗೆ ಬಡ್ತಿ. ಗಿರಾಕಿಗಳ ಜೊತೆ ಮಾತೆಲ್ಲ ಅವಳದೇ. ನನಗೂ ಬಡ್ತಿ: ಅಂಗಡಿಯ ಗಾಜಿನ ಹಿಂದೆ, ಅತ್ಯುತ್ತಮ ಹಾಸಿಗೆಯ ಮೇಲೆ, ದಿನಕ್ಕೆರಡು ಗಂಟೆ ಸಂಬಳಸಹಿತ ನಿದ್ದೆ! ಯಾವ ಚಕ್ರವರ್ತಿಗುಂಟು ಈ ಭಾಗ್ಯ? ಮೊನ್ನೆ ಎಚ್ಚರವಾದಾಗ ನೋಡಿದರೆ ಎದೆಯ ಮೇಲೆ ಹೆಂಡತಿಯ ಕೈಬರಹದ ಚೀಟಿ: 'ಪ್ರದರ್ಶನಕ್ಕೆ ಮಾತ್ರ. ಮಾರಾಟಕ್ಕಿಲ್ಲ.' ನಾನು ಉಬ್ಬಿಹೋದೆ.

"ನನ್ನನ್ನ ಯಾರಿಗೂ ಬಿಟ್ಟುಕೊಡೋಕೆ ಮನಸ್ಸಿಲ್ಲ, ಅಲ್ವೇನೇ?"

"ಹಾಗೇನಿಲ್ಲ. ಎರಡು ದಿನ 'ಮಾರಾಟಕ್ಕಿದೆ' ಅಂತಲೇ ಹಾಕಿದ್ದೆ. ಯಾರೂ ರೇಟ್ ಕೂಡ ಕೇಳ್ಲಿಲ್ಲ!"