ಮಂಜುಕೋಟೆಗಾಗಿ ಸತ್ತ ಅಜ್ಜಿ

"ಇಡೀ ನಗೋಯಾದಲ್ಲಿ 'ಮಂಜುಕೋಟೆ' ಎರಡನೇ ಭಾಗವನ್ನ ಮೊದಲು ಮುಗಿಸೋ ಗಂಡು ನಾನೇ!" ಎಂದು ಯಸುನೋರಿ ಬೆಳಗಿನ ಸಾರು ಹೀರುತ್ತ ಘೋಷಿಸಿದ. ಮೊದಲ ಭಾಗ ಬಂದಾಗ ಅವನಿಗೆ ತಲೆತುಂಬ ಕೂದಲಿತ್ತು. ಆ ವಿಡಿಯೊ ಗೇಮ್ ಆಡಿ ಆಡಿ ಹೆಬ್ಬೆರಳು ಸವೆದವು, ಎರಡನೆಯದಕ್ಕೆ ಕಾದು ಕಾದು ಕೂದಲು ಉದುರಿತು.

"ಅದಿರಲಿ, ನಿಮಗೆ ರಜಾ ಹೇಗ್ರೀ ಕೊಟ್ರು?" ಎಂದಳು ಕೆಲಸಕ್ಕೆ ಹೊರಟಿದ್ದ ಹೆಂಡತಿ ಚಿಜುರು.

"ನಾನಂದ್ರೆ ಅಷ್ಟು ಗೌರವ ಕಣೇ ಅಲ್ಲಿ."

"ಜ್ವರ ಬಂದ್ರೆ ಮಾಸ್ಕ್ ಹಾಕ್ಕೊಂಡು ಬಾ ಅನ್ನೋ ಆಫೀಸು ನಿಮ್ಮದು," ಎಂದು ಅವಳು ಅನುಮಾನದಿಂದಲೇ ಬಾಗಿಲೆಳೆದುಕೊಂಡು ಹೋದಳು.

ಅನುಮಾನ ಸರಿಯಾಗೇ ಇತ್ತು. ಆ ಆಫೀಸಿನಲ್ಲಿ ಆಟಕ್ಕೆಂದು ರಜೆ ಕೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಸಾವೆಂದರೆ ಮಾತ್ರ ಎಲ್ಲರೂ ತೆಪ್ಪಗಾಗುತ್ತಿದ್ದರು. ಹೀಗಾಗಿ ಈ ಮಹಾಶಯ ಮೇಲಧಿಕಾರಿ ಸುಗಿಯುರಾ ಅವರ ಮುಂದೆ ತಲೆ ತಗ್ಗಿಸಿ ನಿಂತು, ತನ್ನ ಹೆಂಡತಿಯ ಅಜ್ಜಿ ಫುಸಾ ಅವರು ಮೋಚಿ ಎಂಬ ಅಂಟು ಅಕ್ಕಿಯುಂಡೆ ಗಂಟಲಲ್ಲಿ ಸಿಕ್ಕಿ ತೀರಿಕೊಂಡರೆಂದು ಬಿಕ್ಕಿದ್ದ. ಅಂತ್ಯಕ್ರಿಯೆ ಮನೆಮಂದಿಗಷ್ಟೇ, ಯಾರೂ ಬರಬೇಕಿಲ್ಲ ಎಂದೂ ಸೇರಿಸಿದ್ದ. ಅಜ್ಜಿಯೋ, ಅವನದೇ ಮನೆಯ ಹಿಂದಿನ ಕೋಣೆಯಲ್ಲಿ ಗುಂಡುಕಲ್ಲಿನ ಹಾಗೆ ಕೂತು ಕಿತ್ತಳೆ ಸುಲಿಯುತ್ತಿದ್ದಳು.

ಅಜ್ಜಿಗೆ ಸುಳಿವು ಸಿಗದಂತೆ ಕೋಣೆಯ ಬಾಗಿಲು ಹಾಕಿಕೊಂಡು ಅವನು ಆಟ ಶುರುಮಾಡಿದ. ಅಯ್ಯೋ, ಏನು ಹೇಳಲಿ ಅದರ ಅವಸ್ಥೆ! ಮೊದಲ ಭಾಗದಲ್ಲಿ ಮಂಜಿನೊಳಗೆ ಏನಿದೆಯೋ ಎಂದು ಎದೆ ಡವಡವ ಅನ್ನುತ್ತಿತ್ತು. ಅಜ್ಜಿಯೂ ರಾತ್ರಿ ಊಟವಾದ ಮೇಲೆ ಪಕ್ಕದಲ್ಲಿ ಕೂತು, "ಎಡಗಡೆ ನೋಡೋ, ಎಡಗಡೆ" ಎಂದು ಕಿರುಚುತ್ತಿದ್ದಳು. ಈ ಎರಡನೆಯದರಲ್ಲಿ ಮಂಜೇ ಇಲ್ಲ. ಹೆಗಲ ಮೇಲೊಂದು ವಾಚಾಳಿ ನರಿ ಕೂತು ಹೋಗಬೇಕಾದ ದಾರಿಯನ್ನೆಲ್ಲ ಮೊದಲೇ ಒದರಿಬಿಡುತ್ತದೆ. ರಾಕ್ಷಸರನ್ನು ಕಡಿದ ವೀರ ಇಲ್ಲಿ ಬುಟ್ಟಿ ಹಿಡಿದು ಅಣಬೆ ಆರಿಸುತ್ತಾನೆ. ಯಸುನೋರಿಗೆ ಆಕಳಿಕೆಯ ಮೇಲೆ ಆಕಳಿಕೆ. ಆದರೆ ನಿಲ್ಲಿಸುವುದು ಹೇಗೆ? ಇದಕ್ಕಾಗಿ ಒಂದು ಜೀವ ತೆಗೆದಾಗಿದೆ!

ಹೀಗೆ ಆಕಳಿಸುತ್ತಲೇ ರಜೆಯ ಕೊನೆಯ ಮಧ್ಯಾಹ್ನವೂ ಬಂತು. ಆಗ ಬಾಗಿಲ ಗಂಟೆ ಸದ್ದು ಮಾಡಿತು. ಬುದ್ಧಿವಂತ ಒಂದನ್ನು ಮರೆತಿದ್ದ: ಕ್ರಿಯೆಗೆ ಬರಬೇಡಿ ಎಂದರೆ, ಆಮೇಲೆ ಮನೆಗೇ ಬಂದು ಊದುಬತ್ತಿ ಹಚ್ಚದೆ ಬಿಡುವ ಮೇಲಧಿಕಾರಿ ಆ ದೇಶದಲ್ಲೇ ಇಲ್ಲ. ಅವನು ಪೈಜಾಮದಲ್ಲಿ, ಕೈಯಲ್ಲಿ ಗೇಮಿನ ಕಂಟ್ರೋಲರ್ ಹಿಡಿದುಕೊಂಡೇ ಓಡಿ ಬರುವಷ್ಟರಲ್ಲಿ ಅಜ್ಜಿ ಬಾಗಿಲು ತೆಗೆದಿದ್ದಳು. ಎದುರಿಗೆ ಕಪ್ಪು ಟೈ, ಬಿಳಿ ಸೇವಂತಿಗೆ, ಸುಗಿಯುರಾ.

"ಫುಸಾ ಅಮ್ಮನವರು ಹೋಗಿಬಿಟ್ರಂತೆ. ಬಹಳ ಸಂಕಟವಾಯ್ತು," ಎಂದು ಸುಗಿಯುರಾ ಸೊಂಟ ಬಗ್ಗಿಸಿದರು.

ಅಜ್ಜಿ ಹಿಂದಕ್ಕೆ ತಿರುಗಿ ಯಸುನೋರಿಯ ಮುಖ ನೋಡಿದಳು. ಅದು ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಅವಳು ಬಾಯಿ ಬಿಟ್ಟರೆ ಸಾಕು, ಇಷ್ಟು ವರ್ಷದ ನೌಕರಿ, ಮಾನ, ಎಲ್ಲ ಹೊಸ್ತಿಲಲ್ಲೇ ಮಣ್ಣುಪಾಲು.

"ಹೌದು, ಪಾಪ," ಎಂದಳು ಅಜ್ಜಿ. "ನಾನು ಅವಳ ತಂಗಿ. ಒಳಗೆ ಬನ್ನಿ."

ಯಸುನೋರಿಗೆ ಹೋದ ಉಸಿರು ಅರ್ಧ ಮರಳಿ ಬಂತು. ಸುಗಿಯುರಾ ಗತಿಸಿದ ಹಿರಿಯರ ಪೂಜಾ ಗೂಡಿನ ಮುಂದೆ ಮಂಡಿಯೂರಿ ಊದುಬತ್ತಿ ಹಚ್ಚಿ, ಅಲ್ಲಿದ್ದ ಅಜ್ಜನ ಪಟಕ್ಕೇ ಕೈ ಮುಗಿದರು. ಫುಸಾ ಅವರ ಪಟವೆಲ್ಲಿ ಎಂದು ಅವರು ಕೇಳಿದ್ದಕ್ಕೆ, ಚೌಕಟ್ಟು ಹಾಕಿಸಲು ಕೊಟ್ಟಿದೆ ಎಂದು ಅಜ್ಜಿಯೇ ಹೇಳಿದಳು. ಚಹಾ ಕೊಟ್ಟಳು. ತನ್ನ ಗುಣಗಾನವನ್ನೆಲ್ಲ ಕಣ್ಣು ಮುಚ್ಚಿ ಸವಿದಳು. ಮೋಚಿಯ ಮಾತು ಬಂದಾಗ ಮಾತ್ರ ತಡೆಯಲಾಗಲಿಲ್ಲ.

"ನಮ್ಮಕ್ಕ ಯಾವತ್ತೂ ಗಬಗಬ ತಿಂದವಳಲ್ಲ. ಯಾರೋ ಸುಳ್ಳು ಹೇಳಿದಾರೆ ನಿಮಗೆ," ಎಂದಳು.

ಸುಗಿಯುರಾ ದುಃಖದಿಂದ ತಲೆದೂಗಿ, ಯಸುನೋರಿಯ ಭುಜ ತಟ್ಟಿ, ಬೇಕಿದ್ದರೆ ಇನ್ನೆರಡು ದಿನ ರಜೆ ತೆಗೆದುಕೋ ಎಂದರು. ಬೇಡವೇ ಬೇಡ ಸರ್, ನಾಳೆಯೇ ಬರುತ್ತೇನೆ ಎಂದು ಅವನು ಗೋಗರೆದ. ಎಂಥ ಕರ್ತವ್ಯನಿಷ್ಠೆ ಎಂದು ಅವರು ಕಣ್ಣೊರೆಸಿಕೊಂಡು ಹೋದರು.

ಬಾಗಿಲು ಮುಚ್ಚಿದ್ದೇ ಯಸುನೋರಿ ದಡಕ್ಕನೆ ಚಾಪೆಗೆ ಹಣೆ ಹಚ್ಚಿ ಅಡ್ಡಬಿದ್ದ. ಬದುಕಿದೆಯಾ ಬಡಜೀವವೇ ಎನ್ನುವಂತೆ ಎದೆ ಹಗುರಾಗಿತ್ತು. ಅಜ್ಜಿ ಬೈಯುತ್ತಾಳೆ, ಚಿಜುರುವಿಗೆ ಹೇಳುತ್ತಾಳೆ ಎಂದು ಕಾದ. ಅವಳು ಬೈಯಲಿಲ್ಲ. ಯಾವುದಕ್ಕೆ ಇಷ್ಟೆಲ್ಲ ಎಂದಷ್ಟೇ ವಿಚಾರಿಸಿದಳು.

ಮಂಜುಕೋಟೆಯ ಎರಡನೇ ಭಾಗಕ್ಕೆ ಎಂದು ಅವನು ಗೊಣಗಿದ. ಅಜ್ಜಿಯ ಕಣ್ಣರಳಿತು. ಓಡಿಹೋಗಿ ಟೀವಿಯ ಮುಂದೆ ಕೂತಳು. ನರಿ ವಟವಟ ಅಂದಿತು. ವೀರ ಅಣಬೆ ಆರಿಸಿದ. ನರಿ ಮತ್ತೆ ವಟವಟ ಅಂದಿತು. ವೀರ ಇನ್ನೊಂದು ಅಣಬೆ ಆರಿಸಿದ.

"ಯಸುನೋರಿ," ಎಂದಳು ಅಜ್ಜಿ ಕೊನೆಗೆ, "ಮೊದಲನೇ ಭಾಗಕ್ಕೋಸ್ಕರ ಸಾಯಿಸಿದ್ರೆ ನಾನೇನೂ ಅಂತಿರಲಿಲ್ಲಪ್ಪಾ. ಇದಕ್ಕಾ?"