ತಿಮಿಂಗಿಲಕ್ಕೆ ಆರಡಿ ಕಮ್ಮಿ

ಹೊಟ್ಟೆಕಿಚ್ಚಿಗೂ ಒಂದು ಘನತೆ ಇರಬೇಕು ಎಂದು ನಂಬಿದವನು ನಾನು. ಪಕ್ಕದ ಮನೆಯವನು ಮೇಲೊಂದು ಮನೆ ಕಟ್ಟಿಸಿದ, ಷಡ್ಡಕ ಕಾರು ಕೊಂಡ, ಇಂಥದ್ದಕ್ಕೆ ಉರಿದುಕೊಂಡರೆ ನಾಲ್ಕು ಜನ ಅರ್ಥ ಮಾಡಿಕೊಳ್ಳುತ್ತಾರೆ. ಜೊತೆಯಲ್ಲಿ ಕೂತು ಉರಿದುಕೊಳ್ಳುವವರೂ ಸಿಗುತ್ತಾರೆ. ಆದರೆ ಐವತ್ತೆಂಟನೇ ವಯಸ್ಸಿನಲ್ಲಿ, ಮುಖ್ಯೋಪಾಧ್ಯಾಯರು ಎಂಬ ಬೋರ್ಡಿನ ಕೆಳಗೆ ಕೂತು, ಪಕ್ಕದ ಕೋಣೆಯಲ್ಲಿ ಟೊಮೆಟೊ ಕ್ರೇಟನ್ನು ಬೆನ್ನ ಮೇಲೆ ಹೊತ್ತು ಅಂಬೆಗಾಲಿಡುತ್ತಿರುವ ಒಬ್ಬ ಹೆಣ್ಣುಮಗಳನ್ನು ಕಂಡು ಹೊಟ್ಟೆ ಉರಿಸಿಕೊಳ್ಳುವವನು ತನ್ನ ಕಷ್ಟವನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು? ಹೆಂಡತಿಯ ಹತ್ತಿರ ಹೇಳಿದೆ. ಅವಳು ಹುರುಳಿಕಾಯಿ ಸೋಸುತ್ತಾ, ಹಾಗಾದರೆ ನೀವೂ ಒಂದು ಕ್ರೇಟು ಹೊತ್ತುಕೊಳ್ಳಿ ಎಂದಳು.

ನಮ್ಮದು ಬೈರಕೂರಿನಿಂದ ಆಚೆಗೆ, ಮಾವಿನ ತೋಪುಗಳ ನಡುವೆ ಇರುವ ಎರಡು ಕೋಣೆಯ ಸರ್ಕಾರಿ ಶಾಲೆ. ಇಪ್ಪತ್ನಾಲ್ಕು ಮಕ್ಕಳು, ಇಬ್ಬರು ಶಿಕ್ಷಕರು. ನಾಲ್ಕು ಮತ್ತು ಐದನೇ ತರಗತಿ ನನಗೆ. ಒಂದರಿಂದ ಮೂರರವರೆಗಿನ ನಲಿಕಲಿ ಭವ್ಯ ಮಿಸ್‌ಗೆ. ಆಕೆ ಹೋದ ಜೂನ್‌ನಲ್ಲಿ ಶ್ರೀನಿವಾಸಪುರದ ಕಡೆಯಿಂದ ಬಂದವರು. ವಯಸ್ಸು ಇಪ್ಪತ್ತಾರು, ಎತ್ತರ ಐದಡಿಗೆ ಎರಡಂಗುಲ ಕಮ್ಮಿ. ಅವರು ಬರುವ ಮೊದಲು ನನ್ನ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಮಕ್ಕಳೆಲ್ಲ ಓಡಿಬಂದು ನನ್ನ ಹೆಲ್ಮೆಟ್ ಹಿಡಿಯುವುದಕ್ಕೆ ಜಗಳವಾಡುತ್ತಿದ್ದವು. ಈಗ ಹೆಲ್ಮೆಟ್ಟನ್ನು ನಾನೇ ಹೊತ್ತುಕೊಂಡು ಹೋಗುತ್ತೇನೆ. ಅದನ್ನೂ ಹೇಗೋ ಸಹಿಸಿಕೊಂಡಿದ್ದೆ. ಅಷ್ಟರಲ್ಲಿ ಸಮುದ್ರದ ಪ್ರಾಣಿಗಳ ವಾರ ಬಂತು. ಭವ್ಯ ಮಿಸ್ ತಮ್ಮ ತಾಯಿಯ ಹಳೇ ನೀಲಿ ಸೀರೆ ತಂದು, ನಾಲ್ಕು ಮೂಲೆಗೆ ನಾಲ್ಕು ಮಕ್ಕಳನ್ನು ನಿಲ್ಲಿಸಿ ಅಲೆ ಎಬ್ಬಿಸಿದರು. ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಯೊಂದನ್ನು ಯಾರ ಮನೆಯಿಂದಲೋ ಎರವಲು ತಂದು ಎಂಟು ಲಂಗದ ಲಾಡಿ ಇಳಿಬಿಟ್ಟರು, ಆಕ್ಟೋಪಸ್ ಆಯಿತು. ಕ್ರೇಟು ಹೊತ್ತವರೆಲ್ಲ ಕಡಲಾಮೆ. ನನ್ನ ಐದನೇ ತರಗತಿ ಭಿನ್ನರಾಶಿಯನ್ನು ಬಿಟ್ಟು ಕಿಟಕಿಗೆ ಜೋತುಬಿತ್ತು. ಬಯ್ದು ಕೂರಿಸಬಹುದಿತ್ತು. ಕಿಟಕಿಯಲ್ಲಿ ನನಗೂ ಜಾಗ ಬೇಕಾಗಿದ್ದರಿಂದ ಸುಮ್ಮನಿದ್ದೆ.

ಅನ್ಯಾಯ ನೋಡಿ, ಇಡೀ ಶಾಲೆಯಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವನು ನಾನೊಬ್ಬನೇ. ಮದುವೆಯಾದ ಹೊಸದರಲ್ಲಿ ಮದರಾಸಿಗೆ ಹೋಗಿ, ಇಪ್ಪತ್ತು ನಿಮಿಷ ನೀರಿನಲ್ಲಿ ನಿಂತು, ಎಡಗಾಲಿನ ಚಪ್ಪಲಿಯನ್ನು ಅಲೆಗೆ ಕೊಟ್ಟು ಬಂದಿದ್ದೇನೆ. ಭವ್ಯ ಮಿಸ್ ಸಮುದ್ರವನ್ನು ನೋಡಿಯೇ ಇಲ್ಲವಂತೆ. ಅದನ್ನು ಸ್ವಲ್ಪವೂ ನಾಚಿಕೆಯಿಲ್ಲದೆ ಮಕ್ಕಳೆದುರಿಗೇ ಹೇಳುತ್ತಾರೆ. ಮಕ್ಕಳು, ಪರವಾಗಿಲ್ಲ ಮಿಸ್, ನಾವು ತೋರಿಸ್ತೀವಿ ಎಂದು ಸೀರೆಯನ್ನು ಇನ್ನಷ್ಟು ಜೋರಾಗಿ ಅಲ್ಲಾಡಿಸುತ್ತವೆ. ನಾನು ಚಪ್ಪಲಿಯ ಕಥೆ ಹೇಳಿದಾಗ ಮಾತ್ರ ಬಂದದ್ದು ಒಂದೇ ಪ್ರಶ್ನೆ: ಬಲಗಾಲಿನದು ಏನು ಮಾಡಿದಿರಿ ಸಾರ್? ಇನ್ನೆರಡು ವರ್ಷಕ್ಕೆ ನನಗೆ ನಿವೃತ್ತಿ. ಮೂವತ್ತು ವರ್ಷ ಮಗ್ಗಿ ಹೇಳಿಸಿ, ಕೊನೆಗೆ ಈ ಮಕ್ಕಳ ನೆನಪಿನಲ್ಲಿ ಬರೀ ಹಾಜರಿ ಕೂಗುತ್ತಿದ್ದ ಸಾರ್ ಆಗಿ ಉಳಿಯುತ್ತೇನಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಸೀರೆ, ಕ್ರೇಟು ಎಲ್ಲ ವೇಷ, ನಾನು ಅಸಲಿಯನ್ನೇ ತರುತ್ತೇನೆ ಎಂದು ಹೊರಟೆ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಹಾಗಾಗಿ ಮುಳಬಾಗಿಲಿನಲ್ಲಿ ಒಂದು ಮೀನಿನ ಗಾಡಿಯ ಮುಂದೆ, ಚಿನ್ನದಂಗಡಿಗೆ ಮೊದಲ ಸಲ ಹೋದವನ ಹಾಗೆ ನಿಂತು, ದೊಡ್ಡದಾಗಿ ಕಂಡದ್ದನ್ನು ತೋರಿಸಿದೆ. ಸಮುದ್ರದ್ದೇನಪ್ಪಾ ಎಂದು ಕೇಳಿದೆ. ಅವನು ಇನ್ಯಾರಿಗೋ ತೂಗುತ್ತಾ ತಲೆಯಾಡಿಸಿದ. ಯಾವ ಕಡೆಗೆ ಆಡಿಸಿದ ಎಂದು ನಾನು ಗಮನಿಸಲಿಲ್ಲ. ಶಾಲೆಯಲ್ಲಿ ಎಲ್ಲ ತರಗತಿಗಳನ್ನೂ ಸೇರಿಸಿ, ಮೇಜಿನ ಮೇಲೆ ಬಾಳೆಲೆ ಹಾಸಿ ಮೀನು ಮಲಗಿಸಿ, ಭವ್ಯ ಮಿಸ್‌ಗೂ ಒಂದು ಕುರ್ಚಿ ಹಾಕಿಸಿ, ಅರಬ್ಬಿ ಸಮುದ್ರದಿಂದ ಇಲ್ಲಿಯವರೆಗೆ ಆ ಜೀವ ಮಾಡಿದ ಪ್ರಯಾಣವನ್ನು ವರ್ಣಿಸತೊಡಗಿದೆ. ಉಪ್ಪುನೀರಿನಲ್ಲಿ ಅದು ಹೇಗೆ ಉಸಿರಾಡುತ್ತದೆ ಎನ್ನುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ “ಮನ ಚೇಪ, ಮನ ಚೇಪ” ಎಂದು ತೆಲುಗಿನಲ್ಲಿ ಗುಸುಗುಸು ಎದ್ದಿತು. ನಮ್ಮ ಮೀನು ಎನ್ನುತ್ತಿದ್ದಾರೆ. ಊರ ಕೆರೆಯ ಮೀನಿನ ಟೆಂಡರ್ ಹಿಡಿದವನ ಮಗಳು, ಐದನೇ ತರಗತಿಯ ಚಂದ್ರಕಲಾ, ಎದ್ದು ನಿಂತಳು.

“ಸಾ, ಅದು ಕಟ್ಲಾ. ನಮ್ಮ ನಾಯ್ನ ಮರಿ ತಂದು ಕೆರೇಗೆ ಬಿಡ್ತಾರಲ್ಲ, ಅದೇ.”

ಭವ್ಯ ಮಿಸ್ ನಗಲಿಲ್ಲ. ನಕ್ಕಿದ್ದರೆ ಕ್ಷಮಿಸಿಬಿಡುತ್ತಿದ್ದೆ. ನೋಡಿದಿರಾ, ಸಾರ್ ಬೇಕಂತಲೇ ಪರೀಕ್ಷೆ ಮಾಡಿದರು, ಚಂದ್ರಕಲಾ ಕಂಡುಹಿಡಿದಳು ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ನನ್ನ ಮರ್ಯಾದೆ ಉಳಿಸುವುದರಲ್ಲೂ ನನಗಿಂತ ಆಕೆಯೇ ಚುರುಕು ಎಂದು ಇನ್ನಷ್ಟು ಉರಿಯಿತು. ಮೀನನ್ನು ಬಿಸಿಯೂಟದ ರತ್ನಮ್ಮ ಮನೆಗೆ ಒಯ್ದಳು. ಸಾರು ಚೆನ್ನಾಗಿತ್ತು ಎಂದು ಮರುದಿನ ವರದಿ ಒಪ್ಪಿಸಿದಳು.

ವಾರದ ಕೊನೆಯ ದಿನ ತಿಮಿಂಗಿಲದ ಸರದಿ. ನೀಲಿ ತಿಮಿಂಗಿಲ ನೂರಡಿಯವರೆಗೂ ಬೆಳೆಯುತ್ತದೆ ಎಂದು ಓದಿಕೊಂಡು ಬಂದ ಭವ್ಯ ಮಿಸ್, ಅಂಗಳದಲ್ಲಿ ಹಗ್ಗ ಹಿಡಿದು ಧ್ವಜದ ಕಟ್ಟೆಯಿಂದ ಗೇಟಿನವರೆಗೆ ಸುಣ್ಣದ ಗೆರೆ ಎಳೆದರು. ಗೆರೆಯ ಮೇಲೆ ಮಕ್ಕಳನ್ನು ಒಬ್ಬರ ಕಾಲಿಗೆ ಇನ್ನೊಬ್ಬರ ತಲೆ ಬರುವಂತೆ ಸಾಲಾಗಿ ಮಲಗಿಸುವುದು ಆಟ. ನನ್ನ ತರಗತಿಯನ್ನೂ ಕೇಳಿ ಕರೆದುಕೊಂಡು ಹೋದರು. ಖಾಲಿ ಕೋಣೆಯಲ್ಲಿ ಒಬ್ಬನೇ ಕೂತು ಮಾಸಿಕ ವರದಿ ಬರೆಯುವವನಂತೆ ನಟಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಒಂದನೇ ತರಗತಿಯ ರುಕ್ಸಾನ ಬಾಗಿಲಲ್ಲಿ ಬಂದು ನಿಂತಳು, ಬೆನ್ನೆಲ್ಲ ಮಣ್ಣು.

“ಸಾರ್, ತಿಮಿಂಗಿಲಕ್ಕೆ ಆರಡಿ ಕಮ್ಮಿ ಐತೆ. ನೀವು ಬರ್ಬೇಕು.”

ನನ್ನ ಎತ್ತರ ಆರಡಿ. ಯಾರು ಕರೆದದ್ದು, ಮಿಸ್ಸಾ ಎಂದು ಕೇಳಿದೆ. ಅಲ್ಲ, ನಾವು ಎಂದಳು. ಯಾವ ಭಾಗ ಎಂದು ಗಂಭೀರವಾಗಿ ವಿಚಾರಿಸಿದೆ. ಬಾಲ ಎಂದಳು. ಮುಖ್ಯೋಪಾಧ್ಯಾಯನನ್ನು ತಲೆಯ ಜಾಗಕ್ಕೆ ಕರೆಯಬೇಕಿತ್ತು ಎನ್ನಿಸಿತು. ಆದರೆ ಅಂಗಳಕ್ಕೆ ಹೋಗಿ ನೋಡಿದರೆ ಆ ಜಾಗದಲ್ಲಿ ಆಗಲೇ ಎರಡನೇ ತರಗತಿಯವನೊಬ್ಬ ಬಾಯಿ ಅಗಲಿಸಿಕೊಂಡು ಮಲಗಿದ್ದ. ಇಸ್ತ್ರಿ ಅಂಗಿಯ ಯೋಚನೆಯಾಗಿ ಕರವಸ್ತ್ರ ಹಾಸಿದೆ, ಆರಡಿ ದೇಹಕ್ಕೆ ಅದೆಲ್ಲಿ ಸಾಲುತ್ತದೆ? ಮಂಡಿ ಹಿಡಿದುಕೊಂಡು ಮೆಲ್ಲಗೆ ಮಲಗಿದೆ. ನನ್ನ ತಲೆಗೆ ರುಕ್ಸಾನಳ ಪುಟ್ಟ ಪಾದಗಳು ತಾಗಿದವು. ಮೇಲಿನಿಂದ ಅವಳ ಅಪ್ಪಣೆ ಬಂತು.

“ಬಾಲ ಆಡಿಸ್ಬೇಕು ಸಾರ್. ಇಲ್ಲಾಂದ್ರೆ ಯಾರೂ ಮುಂದಕ್ಕೆ ಹೋಗಲ್ಲ.”

ಆಡಿಸಿದೆ. ನಗು ಬಾಲದಿಂದ ಹೊರಟು ತಲೆಯವರೆಗೆ ಹೋಯಿತು. ಇನ್ನೊಂದ್ಸಲ ಸಾರ್, ಇನ್ನೊಂದ್ಸಲ ಸಾರ್ ಎಂದು ಇಪ್ಪತ್ನಾಲ್ಕು ಕಂಠ. ಊಟದ ಬೆಲ್ ಹೊಡೆದು, ರತ್ನಮ್ಮ ಅನ್ನ ಆರುತ್ತೆ ಎಂದು ಗೊಣಗಿದ ಮೇಲೂ ನಾನು ಏಳಲಿಲ್ಲ.

ಮಧ್ಯಾಹ್ನ ಭವ್ಯ ಮಿಸ್ ನನ್ನ ಕೋಣೆಗೆ ಬಂದು ಸೆರಗಿನ ತುದಿಯನ್ನು ತಿರುವುತ್ತಾ ನಿಂತರು.

“ತಪ್ಪು ತಿಳ್ಕೋಬೇಡಿ ಸಾರ್. ಬಾಲದ ಜಾಗದಲ್ಲಿ ಮೊದಲು ನಾನೇ ಮಲಗಿದ್ದೆ. ಮಿಸ್ ನೀವು ಸಾಲಲ್ಲ, ಏಳಿ, ನಮ್ಗೆ ಸಾರ್ ಬೇಕು ಅಂದ್ಬಿಟ್ರು. ನಿಜ ಹೇಳ್ತೀನಿ, ಸ್ವಲ್ಪ ಹೊಟ್ಟೆ ಉರೀತು.”

ನಾನು ಪೆನ್ನು ಕೆಳಗಿಟ್ಟೆ. ಕೂತ್ಕೊಳ್ಳಮ್ಮ ಎಂದೆ. ಹೊಟ್ಟೆಕಿಚ್ಚು ಶಿಕ್ಷಕರಿಗೆ ಶೋಭೆಯಲ್ಲ, ಮಕ್ಕಳು ಯಾರೊಬ್ಬರ ಸ್ವತ್ತೂ ಅಲ್ಲ, ಜೊತೆಯವರ ಏಳಿಗೆ ಕಂಡು ಸಂತೋಷಪಡುವುದನ್ನು ಈ ವಯಸ್ಸಿನಲ್ಲೇ ಕಲಿತುಬಿಡಬೇಕು ಎಂದು ಸಂಜೆಯ ಲಾಂಗ್ ಬೆಲ್ ಹೊಡೆಯುವವರೆಗೆ ಬುದ್ಧಿ ಹೇಳಿದೆ. ಆಕೆ ತಲೆ ತಗ್ಗಿಸಿ ಕೇಳಿದರು. ಮೂವತ್ತು ವರ್ಷಗಳಲ್ಲಿ ನಾನು ಅಷ್ಟು ಚೆನ್ನಾಗಿ ಯಾವ ಪಾಠವನ್ನೂ ಮಾಡಿರಲಿಲ್ಲ. ಪುಸ್ತಕ ನೋಡಲಿಲ್ಲ, ಒಂದು ಕಡೆಯೂ ತಡವರಿಸಲಿಲ್ಲ. ವಿಷಯದ ಮೇಲೆ ನನಗೆ ಅಷ್ಟು ಹಿಡಿತವಿತ್ತು.