ಕೂದಲೆಳೆಯಷ್ಟು ಉದ್ದ ಹೆಚ್ಚಾದ ಗರಿಗಳ ವಿಷಯವಾಗಿ, ಪ್ರೂಡೆನ್ಸ್ ಎಂಬ ಹೇಂಟೆಗೆ

ಸ್ವೇಲ್ ಹೊಳೆಯ ಆಚೆ ದಡದಲ್ಲಿ ಐವ್ಸನ್ ಅವರ ಹಿತ್ತಲನ್ನು ಆಳುತ್ತಿರುವ, ಹೊಗೆಬಣ್ಣದ ಗರಿಗೆ ಜೇನುಬಣ್ಣದ ಅಂಚು ಹೊತ್ತು ಹುಟ್ಟಿದ, ಹೇಂಟೆಕುಲದ ಹಿರಿಯರಾದ ಪ್ರೂಡೆನ್ಸ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಈಚೆ ದಡದಲ್ಲಿ ಐವತ್ತು ವರ್ಷ ಕಲ್ಲುಗೋಡೆ ಕಟ್ಟಿ, ಈಗ ಟ್ರೌಟ್ ಮೀನನ್ನು ಮರುಳು ಮಾಡಲು ಗಾಳದ ಕೊಕ್ಕೆಗೆ ಗರಿ ಸುತ್ತಿ ಹುಸಿ ನೊಣ ಕಟ್ಟಿಕೊಂಡು ಕಾಲ ಕಳೆಯುತ್ತಿರುವ ಜೋನಸ್ ಕಿಯರ್ಟನ್ ಮಾಡುವ ನಮಸ್ಕಾರಗಳು. ತಮ್ಮ ಕುತ್ತಿಗೆ ಬೋಳಾಗಿ ಅಕ್ಟೋಬರಿನ ಗಾಳಿಗೆ ನಡುಗುತ್ತಿದ್ದೀರೆಂದು ಕೇಳಿ ವ್ಯಥೆಯಾಯಿತು. ಆದರೆ ನನ್ನ ದೂರು ಇರುವುದೇ ಆ ಬೋಳುತನದ ಮೇಲೆ, ಆದ್ದರಿಂದ ಹೆಚ್ಚು ಮರುಗಲಾರೆ. ತಮಗೆ ಓದು ಬರುವುದಿಲ್ಲವಾಗಿ ಇದನ್ನು ಅಂಚೆ ಕಚೇರಿಯ ಬಾಗಿಲಿಗೆ ಅಂಟಿಸುತ್ತಿದ್ದೇನೆ. ಯಾರಾದರೂ ಪುಣ್ಯಾತ್ಮರು ಓದಿ ಹೇಳಲಿ.

ತಮ್ಮ ಕುತ್ತಿಗೆಯ ಗರಿಯನ್ನು ನಾನು ಹೊಗಳುವುದು ಸೂರ್ಯನಿಗೆ ದೀಪ ತೋರಿಸಿದಂತೆ. ಹುಂಜದ ಗರಿಗೆ ಜಂಬ ಹೆಚ್ಚು, ನೀರಿನಲ್ಲೂ ಸೆಟೆದೇ ನಿಲ್ಲುತ್ತದೆ. ಮುಳುಗಿ ಹರಿದುಹೋಗಬೇಕಾದ ನೊಣಕ್ಕೆ ಬೇಕಾದದ್ದು ತಮ್ಮಂಥವರ ಮೆತ್ತನೆಯ ಗರಿ. ಒದ್ದೆಯಾದೊಡನೆ ಅದರ ಎಳೆಗಳು ಮೈಗಂಟಿ, ಸೆಳವು ಸಡಿಲಿದಾಗ ಬಿಚ್ಚಿಕೊಂಡು, ಜೀವವಿರುವ ಹುಳುವಿನ ಕಾಲುಗಳಂತೆ ಆಡುತ್ತವೆ. ಅಳತೆಯಂತೂ ಬಹಳ ಕಟ್ಟುನಿಟ್ಟು: ಗರಿಯನ್ನು ಬಗ್ಗಿಸಿ ಕೊಕ್ಕೆಯ ಪಕ್ಕ ಹಿಡಿದರೆ ಎಳೆಯ ತುದಿ ಕೊಕ್ಕೆಯ ಬಾಗನ್ನು ಮುಟ್ಟಬೇಕು, ದಾಟಬಾರದು. ದಾಟಿದರೆ ಮೀನು ತುದಿಯನ್ನಷ್ಟೇ ಚಿವುಟಿ ನಕ್ಕು ಹೋಗುತ್ತದೆ.

ಈ ಕಟ್ಟುನಿಟ್ಟಿನ ಕಾರಣದಿಂದಲೇ, ಆರು ವರ್ಷಗಳಿಂದ ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ ನಾನು ಸೇತುವೆ ದಾಟಿ ತಮ್ಮ ಒಡತಿ ಆಗ್ನೆಸ್ ಐವ್ಸನ್ ಅವರ ಅಡುಗೆಮನೆಗೆ ಬರುತ್ತಿದ್ದುದು. ಅವರು ತಮ್ಮನ್ನು ಮಡಿಲಲ್ಲಿ ಕೂರಿಸಿಕೊಂಡು ಒಂದೇ ಒಂದು ಗರಿ ಕಿತ್ತು ಕೊಡುವುದು, ನಾನು ಅದನ್ನು ಕಿಟಕಿಯ ಬೆಳಕಿನಲ್ಲಿ ಕೊಕ್ಕೆಗೆ ಹಿಡಿದು ನೋಡಿ ಕೂದಲೆಳೆಯಷ್ಟು ಉದ್ದ ಹೆಚ್ಚಾಯಿತೆಂದು ನಿಟ್ಟುಸಿರು ಬಿಡುವುದು, ಆಮೇಲೆ ಚಹಾ, ಶುಂಠಿ ಕೇಕು, ಅದರ ಮೇಲೊಂದು ತುಂಡು ಚೀಸು, ಊರ ಸುದ್ದಿ. ಒಂದು ವಾರ ಗರಿ ಉದ್ದ, ಇನ್ನೊಂದು ವಾರ ಗಿಡ್ಡ, ಮತ್ತೊಂದು ವಾರ ದಂಟು ದಪ್ಪ. ಆರು ವರ್ಷದಲ್ಲಿ ಒಂದೂ ಸರಿಹೋಗಲಿಲ್ಲ. ಪಬ್ಬಿನ ನೆಡ್ ರಾ ಎಂಬಾತ ಎಲ್ಲರೆದುರು, "ಏನ್ ಜೋನಸಣ್ಣ, ಕೋಳಿ ಕುತ್ತಿಗೆ ಅಳೆಯೋಕೆ ಗಡ್ಡ ಬೋಳಿಸ್ಕೊಂಡು ಬೂಟಿಗೆ ಪಾಲಿಶ್ ಬೇರೆ ಹಾಕ್ಕೊಂಡು ಹೋಗ್ಬೇಕಾ?" ಎಂದು ಕೇಳಿದ್ದನ್ನೂ ನಾನು ಸಹಿಸಿಕೊಂಡೆ. ತಾವು ಯಾರಿಗೂ ಹೇಳಲಾರಿರಿ ಎಂಬ ಧೈರ್ಯದಿಂದ ನಿಜ ಹೇಳಿಬಿಡುತ್ತೇನೆ: ಆ ಗರಿಗಳಲ್ಲಿ ಮುಕ್ಕಾಲು ಪಾಲು ಸರಿಯಾಗಿಯೇ ಇದ್ದವು.

ಹೀಗಿರುವಾಗ ತಾವು ಮಾಡಿದ್ದೇನು? ಮಳೆಯ ವಾರ ಗೂಡಿನೊಳಗೇ ಕೂತು, ಒಣ ಹುಲ್ಲಿನ ಮೇಲೆ, ಇದ್ದಬದ್ದ ಗರಿಯನ್ನೆಲ್ಲ ಒಮ್ಮೆಗೇ ಉದುರಿಸಿದಿರಿ. ಕರ್ಣನಿಗೂ ಇಷ್ಟು ಧಾರಾಳತನವಿರಲಿಲ್ಲ. ನನ್ನ ತಕರಾರುಗಳನ್ನು ಕೇಳಿ ಕೇಳಿಯೇ ಗರಿಯ ಅಳತೆಯಲ್ಲಿ ಪಂಡಿತೆಯಾಗಿರುವ ಆಗ್ನೆಸ್ ಅವನ್ನೆಲ್ಲ ಆಯ್ದು, ಒಂದೊಂದನ್ನೂ ಕೊಕ್ಕೆಗೆ ಹಿಡಿದು ನೋಡಿ, ಹನ್ನೆರಡು, ಹದಿನಾಲ್ಕು, ಹದಿನಾರು ಎಂದು ಕೊಕ್ಕೆಯ ನಂಬರು ಬರೆದ ಮೂರು ಲಕೋಟೆಗಳಿಗೆ ತುಂಬಿ, ಸೋಮವಾರ ಖುದ್ದಾಗಿ ಸೇತುವೆ ದಾಟಿ ಬಂದು ನನ್ನ ಮೇಜಿನ ಮೇಲಿಟ್ಟರು. "ತಗೊಳ್ಳಿ ಜೋನಸ್, ಹತ್ತು ವರ್ಷಕ್ಕಾಗತ್ತೆ. ಆ ಮಂಡಿ ನೋವಲ್ಲಿ ಇನ್ಮೇಲೆ ನೀವು ಸೇತುವೆ ಹತ್ತಿ ಇಳಿದು ಒದ್ದಾಡೋದು ಬೇಡ" ಎಂದರು. ನಾನು ಮೂರ್ಖ, ಬಹಳ ಉಪಕಾರವಾಯಿತು ಎಂದೆ. ಅವರು ಹೋದಮೇಲೆ ಮೊದಲೆರಡು ಲಕೋಟೆ ಬಿಚ್ಚಿ ಸಂಜೆಯವರೆಗೂ ತಪ್ಪು ಹುಡುಕಿದೆ. ಒಂದೇ ಒಂದು ತಪ್ಪು ಸಿಗಲಿಲ್ಲ.

ನಿನ್ನೆ ಗುರುವಾರ. ಅಭ್ಯಾಸಬಲದಿಂದ ಗಡ್ಡ ಬೋಳಿಸಿಕೊಂಡು, ಹೋಗಲು ನೆಪವಿಲ್ಲದೆ, ಮೂರು ಗಂಟೆಗೆ ಒಬ್ಬನೇ ಕೂತು ಕ್ಯಾರೆಟ್ ಹೆಚ್ಚಿದೆ. ಅಳು ಬಂತು. ಈರುಳ್ಳಿಯಾಗಿದ್ದರೆ ಅದರ ಮೇಲೆ ಹಾಕಬಹುದಿತ್ತು.

ಆದಕಾರಣ ತಮ್ಮಲ್ಲಿ ವಿನಂತಿ ಏನೆಂದರೆ, ಉದುರಿಸಿದ ಗರಿಗಳನ್ನು ಹಿಂದಕ್ಕೆ ಪಡೆದು ಆಯಾ ಜಾಗದಲ್ಲೇ ನೆಟ್ಟುಕೊಳ್ಳಬೇಕು. ಅದು ಕಷ್ಟವಾದರೆ, ಹೊಸ ಗರಿಗಳನ್ನಾದರೂ ಲೋಕದ ಯಾವ ಕೊಕ್ಕೆಗೂ ಹೊಂದದ ಅಳತೆಯಲ್ಲಿ, ವಾರಕ್ಕೊಂದರಂತೆ, ಬುಧವಾರ ರಾತ್ರಿಯೊಳಗೆ ಬೆಳೆಸಬೇಕು. ಅದೂ ಆಗದಿದ್ದರೆ, ಈ ಮುದುಕನ ಮಂಡಿಗೆ ಸೇತುವೆ ಹತ್ತಿಳಿಯುವುದೇ ಮದ್ದು ಎಂದು ಒಡತಿಯ ಕಿವಿಯಲ್ಲಿ ಒಂದು ಮಾತು ಹಾಕಬೇಕು. ನಾನಾಗಿ ಹೇಳೋಣವೆಂದರೆ ನಾಲಿಗೆ ಏಳುವುದಿಲ್ಲ.

ಗರಿಗೆ ಕೊರತೆಯಿಲ್ಲದೆ ಕೆಟ್ಟ, ತಮ್ಮ ವಿಶ್ವಾಸಿ,
ಜೋನಸ್ ಕಿಯರ್ಟನ್

ತಾ.ಕ.: ಇಷ್ಟು ಬರೆದಮೇಲೆ, ಮೂರರಲ್ಲಿ ಅತಿ ಚಿಕ್ಕ ಕೊಕ್ಕೆಯ ನಂಬರಾದ ಹದಿನಾರು ಎಂದು ದುಂಡಗೆ ಬರೆದ ಮೂರನೆಯ ಲಕೋಟೆಯನ್ನು ಬಿಚ್ಚಿದೆ. ಒಳಗಿದ್ದದ್ದು ಏಳು ಗರಿ. ಏಳೂ ತಮ್ಮ ಬಾಲದವು. ಟೋಪಿಗೆ ಸಿಕ್ಕಿಸಿಕೊಳ್ಳಬಹುದೇ ಹೊರತು ಯಾವ ಟ್ರೌಟಿಗೂ ತೋರಿಸುವಂತಿಲ್ಲ. ನಲವತ್ತು ವರ್ಷ ಕಾಲುಚೀಲ ಹೆಣೆದು ಒಂದು ಹೆಣಿಗೆಯೂ ತಪ್ಪದ ಕೈ ಅದು, ಬಾಲಕ್ಕೂ ಕುತ್ತಿಗೆಗೂ ವ್ಯತ್ಯಾಸ ತಿಳಿಯದ ಕೈಯಲ್ಲ. ಇಂದು ಶುಕ್ರವಾರ, ಮುಂದಿನ ಗುರುವಾರದವರೆಗೆ ಕಾಯುವ ತಾಳ್ಮೆ ನನಗಿಲ್ಲ, ಕೋಟು ಹಾಕಿಕೊಂಡಿದ್ದೇನೆ. ತಮ್ಮ ಸೇವೆ ಇನ್ನು ಬೇಕಾಗಿಲ್ಲ. ನಾನು ಬಂದಾಗ ತಾವು ದಯಮಾಡಿ ಹಿತ್ತಲಲ್ಲೇ ಇರತಕ್ಕದ್ದು.